ಪ್ರಶ್ನೆಗೆ ಅರ್ಧ ಗಂಟೆ ಕೊಡಿ

ವಿಶ್ವವಿದ್ಯಾಲಯದಲ್ಲಿ ಮುಂದಿನ ತಿಂಗಳು ಶುರುವಾಗುವ ಸಾರ್ವಜನಿಕ ಉಪನ್ಯಾಸ ಮಾಲೆಯ ಆಹ್ವಾನ ಪತ್ರಿಕೆ ಇವತ್ತು ಕೈಗೆ ಬಂತು. ವಿಜ್ಞಾನ, ತತ್ತ್ವಶಾಸ್ತ್ರ ಎರಡೂ ಒಂದೇ ಮಾಲೆಯಲ್ಲಿ. ವಿಶ್ವದ ಹುಟ್ಟು, ಮಿದುಳು ಮತ್ತು ಮನಸ್ಸು, ಕಾಲ ಅಂದರೇನು. ಓದುತ್ತಲೇ ಖುಷಿಯಾಯಿತು. ಪ್ರವೇಶ ಉಚಿತ, ಯಾರು ಬೇಕಾದರೂ ಬರಬಹುದು. ಆಮೇಲೆ ಹಾಳೆ ತಿರುಗಿಸಿದೆ. ನಾಡಗೀತೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಮಾತು, ಉಪನ್ಯಾಸ, ಸನ್ಮಾನ, ಅಧ್ಯಕ್ಷರ ಮಾತು, ವಂದನಾರ್ಪಣೆ. ಕೇಳಲು ಬಂದವರು ಪ್ರಶ್ನೆ ಕೇಳುವುದಕ್ಕೆ ಐದು ನಿಮಿಷವೂ ಇಲ್ಲ.

ಸಿಟ್ಟು ಬಂತು. ಯಾಕೆ ಅಂದರೆ, ಕಳೆದ ವಾರ ಅದೇ ಸಭಾಂಗಣಕ್ಕೆ ನಮ್ಮ ಪಿಯು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಕನ್ನೂ ಬಿಡದಷ್ಟು ಸೆಳೆತ ಇರುವ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಬಗ್ಗೆ ಉಪನ್ಯಾಸ. ಬಂದಿದ್ದ ವಿಜ್ಞಾನಿ ಕನ್ನಡದಲ್ಲೇ, ಎಷ್ಟು ಚೆನ್ನಾಗಿ ಹೇಳಿದರು! ಕಪ್ಪುಕುಳಿಯ ಹತ್ತಿರ ಸಮಯ ನಿಧಾನವಾಗುತ್ತದೆ ಎಂದಾಗ ನನ್ನ ಪಕ್ಕ ಕೂತಿದ್ದ ಹುಡುಗಿ ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ಏನೋ ಬರೆದಳು. ಹೊಡೆದು ಹಾಕಿದಳು. ಮತ್ತೆ ಬರೆದಳು. "ಮೇಡಂ, ಇದನ್ನ ಕೇಳ್ಲಾ?" ಎಂದು ನನಗೆ ತೋರಿಸಿದಳು. "ನಿಧಾನ ಆಗೋದು ಗಡಿಯಾರವಾ, ಸಮಯವೇನಾ?" ಎಂದು ಬರೆದಿತ್ತು.

ಕ್ಲಾಸಿನಲ್ಲಿ ಬಾಯಿಬಿಡದ ಹುಡುಗಿ ಅವಳು. ಎದ್ದು ನಿಂತು ಕೈ ಎತ್ತಿದಳು. ನಿರೂಪಕರು ಅವಳನ್ನು ನೋಡಿದರು, "ಸಮಯದ ಅಭಾವದಿಂದ ಪ್ರಶ್ನೆಗಳಿಗೆ ಅವಕಾಶ ಇರುವುದಿಲ್ಲ" ಅಂದರು. ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ವೇದಿಕೆ ಮೇಲಿದ್ದ ಒಬ್ಬೊಬ್ಬರ ಜೊತೆಗೂ ಫೋಟೊ. ಅದಕ್ಕೆಲ್ಲ ಸಮಯ ಇತ್ತು. ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸುವ ಹೊತ್ತಿಗೆ ಎಬ್ಬಿಸಿ ಕಳಿಸಿದ ಹಾಗಾಯಿತು. ಅವಳು ಚೀಟಿ ಮಡಚಿಕೊಂಡು ಕೂತಾಗ ನನಗೆ ಅಲ್ಲೇ ಅಳು ಬಂದುಬಿಟ್ಟಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಿಳಿದಷ್ಟು ಹೇಳಿದೆ. ಗಡಿಯಾರ ಒಂದೇ ಅಲ್ಲ, ದೂರದಿಂದ ನೋಡುವವರಿಗೆ ಅಲ್ಲಿನ ಎದೆಬಡಿತವೂ ನಿಧಾನ, ಪರಮಾಣುವಿನ ಕಂಪನವೂ ನಿಧಾನ. ಅಲ್ಲೇ ಇರುವವರಿಗೆ ಮಾತ್ರ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೆಳೆತ ಕಡಿಮೆ ಇರುವ ಕಡೆ ಇದು ತಿರುಗುಮುರುಗು, ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು) ಮುಂದೆ ಓಡುತ್ತದೆ, ಅದನ್ನು ಸರಿಪಡಿಸದಿದ್ದರೆ ಫೋನಿನ ಮ್ಯಾಪ್ ಒಂದೇ ದಿನದಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ ಅಂದೆ. ಅವಳು ಬಿಡಲಿಲ್ಲ. "ಹಾಗಾದ್ರೆ ಇವೆಲ್ಲಾ ಬಿಟ್ಟು ಸಮಯ ಅನ್ನೋದು ಬೇರೆ ಇದೆಯಾ ಮೇಡಂ?"

ಇದು ಫಿಸಿಕ್ಸ್ ಮೇಷ್ಟ್ರು ಒಬ್ಬರೇ ಉತ್ತರಿಸುವ ಪ್ರಶ್ನೆ ಅಲ್ಲ. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ವೈಶೇಷಿಕದವರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ, ಅಂದರೆ ಜಗತ್ತಿನ ಮೂಲ ವಸ್ತುಗಳಲ್ಲಿ, ಒಂದು ಎಂದು ಎಣಿಸಿದವರು. ಇದೇ ಪ್ರಶ್ನೆ 1922ರ ಏಪ್ರಿಲ್ 6ರಂದು ಪ್ಯಾರಿಸ್ಸಿನಲ್ಲಿ ತತ್ತ್ವಶಾಸ್ತ್ರಜ್ಞರ ಸಭೆಯೊಂದರಲ್ಲಿ ಎದ್ದಿತ್ತು. ಬಂದಿದ್ದ ಅತಿಥಿ ಐನ್‌ಸ್ಟೈನ್. ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ ಸುಮ್ನೆ ಕೇಳಿಸಿಕೊಂಡು ಹೋಗಲು ಬಂದವರು. ಅಲ್ಲಿದ್ದವರು ಒತ್ತಾಯ ಮಾಡಿದ್ದಕ್ಕೆ ಎದ್ದು ಮಾತಾಡಿದರು. ನಾವು ಬದುಕುವ ಕಾಲ ಪೂರ್ತಿಯಾಗಿ ಗಡಿಯಾರದ ಅಳತೆಗೆ ಸಿಗುವುದಿಲ್ಲ ಎನ್ನುವುದು ಅವರ ವಾದ. ತತ್ತ್ವಜ್ಞಾನಿಗಳ ಕಾಲ ಅಂತ ಬೇರೆ ಒಂದಿಲ್ಲ ಎಂದು ಐನ್‌ಸ್ಟೈನ್ ನೇರವಾಗಿ ಹೇಳಿಬಿಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ಐನ್‌ಸ್ಟೈನರಿಗೆ ನೊಬೆಲ್ ಕೊಡುವಾಗಿನ ಭಾಷಣದಲ್ಲೂ ಬರ್ಗ್‌ಸನ್ ಎತ್ತಿದ ಆಕ್ಷೇಪದ ಪ್ರಸ್ತಾಪ ಬಂತು. ಆ ವಾದದ ಬಗ್ಗೆ ಇವತ್ತಿಗೂ ಪುಸ್ತಕಗಳು ಬರುತ್ತಿವೆ. ಕೇಳಲು ಬಂದವರಿಗೆ ಅಂದು ಮಾತಾಡಲು ಬಿಡದೇ ಇದ್ದಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ ಅಲ್ವಾ?

ಮೈಕ್ ಕೊಟ್ಟರೆ ಜನ ಪ್ರಶ್ನೆ ಕೇಳುವುದಿಲ್ಲ, ಭಾಷಣ ಬಿಗಿಯುತ್ತಾರೆ ಎನ್ನುತ್ತಾರೆ ಸಂಘಟಕರು. ಅಂಥವರು ಇದ್ದಾರೆ, ನಾನೂ ನೋಡಿದ್ದೇನೆ. ಆದರೆ ಅವರನ್ನು ತಡೆಯುವುದು ಸಭೆ ನಡೆಸುವವರ ಕೆಲಸ. ಚೀಟಿಯಲ್ಲಿ ಬರೆಸಿಕೊಳ್ಳಿ, ಒಬ್ಬರಿಗೆ ಒಂದೇ ಪ್ರಶ್ನೆ ಅನ್ನಿ, ವಿದ್ಯಾರ್ಥಿಗಳ ಚೀಟಿ ಮೊದಲು ಓದಿ. ಒಬ್ಬರು ಜಾಸ್ತಿ ಮಾತಾಡುತ್ತಾರೆ ಎಂದು ಸಭೆಗೆ ಸಭೆಯ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯಲ್ಲಿ ವಾರವಾರವೂ ವಿಜ್ಞಾನ ಉಪನ್ಯಾಸ ನಡೆಯುವ ಹಾಗೆ ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿ ಮಾಡಿದವರು ಅವರು. ಪ್ರಶ್ನೆ ಕೇಳುವುದನ್ನೇ ವಿಶ್ವವಿದ್ಯಾಲಯದ ಕೆಲಸ ಎಂದು ತಿಳಿದಿದ್ದ ಕುಲಪತಿ ಇದ್ದ ನಾಡು ಇದು. ಇಲ್ಲಿ ಒಬ್ಬ ಹುಡುಗಿಯ ಒಂದು ಸಾಲಿನ ಪ್ರಶ್ನೆಗೆ ಜಾಗ ಇಲ್ಲ ಅಂದರೆ ನನಗೆ ಒಪ್ಪಲು ಆಗುವುದಿಲ್ಲ.

ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಗೆಳೆಯರು ಇಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ನಿಮ್ಮ ವಿಭಾಗದಲ್ಲಿ ಮಾತಾಡಿ. ಉಪನ್ಯಾಸ ಒಂದು ಗಂಟೆ ಇರಲಿ, ಅದು ಮುಗಿದ ಕೂಡಲೇ ಪ್ರಶ್ನೆಗೆ ಅರ್ಧ ಗಂಟೆ. ಸನ್ಮಾನ, ಅಧ್ಯಕ್ಷರ ಮಾತು ಎಲ್ಲಾ ಆಮೇಲೆ. ಕಾಲದ ಬಗ್ಗೆ ಇರುವ ಉಪನ್ಯಾಸಕ್ಕೆ ಭೌತಶಾಸ್ತ್ರದವರನ್ನೂ ತತ್ತ್ವಶಾಸ್ತ್ರದವರನ್ನೂ ಒಟ್ಟಿಗೆ ವೇದಿಕೆ ಮೇಲೆ ಕೂರಿಸಿ. ಮಕ್ಕಳನ್ನು ಕರೆತರುವ ಜವಾಬ್ದಾರಿ ನನ್ನದು. ನಮ್ಮೂರಿಗೆ ಕೊನೇ ಬಸ್ಸು ಏಳೂವರೆಗೆ, ಅಷ್ಟರೊಳಗೆ ಪ್ರಶ್ನೆಗಳು ಮುಗಿಯುವ ಹಾಗೆ ಸಮಯ ಇಟ್ಟುಕೊಳ್ಳಿ.