ನೆಕ್ ತೆಳ್ಳಗಿದ್ದಷ್ಟೂ ಕೈಗೆ ಹಿತ ಅನ್ನೋ ನಂಬಿಕೆ ಬಿಡಿ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋಕೆ ಹೊರಟವರು ಪಿಕಪ್ ಯಾವುದು, ಬಾಡಿ ಯಾವ ಮರ, ಟ್ರೆಮೊಲೊ ಇದೆಯಾ ಅಂತ ಗಂಟೆಗಟ್ಟಲೆ ವಿಚಾರಿಸುತ್ತಾರೆ. ನುಡಿಸುವಷ್ಟು ಹೊತ್ತೂ ಎಡಗೈ ಹಿಡಿದುಕೊಂಡೇ ಇರುವ ನೆಕ್ ಬಗ್ಗೆ ಮಾತ್ರ ಕೇಳೋದು ಒಂದೇ ಪ್ರಶ್ನೆ: ಸ್ಲಿಮ್ ಇದೆಯಾ? ಈ ಪ್ರಶ್ನೆಯಿಂದಲೇ ಎಷ್ಟೋ ಜನ ಹೆಬ್ಬೆರಳ ಬುಡದಲ್ಲಿ ನೋವು ತಂದುಕೊಳ್ಳುತ್ತಾರೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹೆಬ್ಬೆರಳಿಗೂ ಮಿಕ್ಕ ಬೆರಳುಗಳಿಗೂ ನಡುವೆ ಪೋಸ್ಟ್‌ಕಾರ್ಡ್ ಇಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ನೋಡಿ, ಅಂಗೈಯಲ್ಲಿ ಹೆಬ್ಬೆರಳ ಬುಡದ ಉಬ್ಬು ಸೋತುಹೋಗುತ್ತದೆ. ಮುಷ್ಟಿ ತುಂಬುವ ವಸ್ತುವನ್ನು ಹಿಡಿದರೆ ಅಷ್ಟು ಬೇಗ ಸೋಲುವುದಿಲ್ಲ. ತೀರಾ ತೆಳುವಾದ ನೆಕ್ ಮೇಲೆ ಬಾರ್ ಕಾರ್ಡ್ (ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದಾಗ ಆಗೋದೂ ಇದೇ. ಅಂಗೈಗೆ ಆನಿಕೊಳ್ಳಲು ಏನೂ ಸಿಗುವುದಿಲ್ಲ, ಹಿಡಿತದ ಭಾರವೆಲ್ಲ ಹೆಬ್ಬೆರಳ ತುದಿಯ ಮೇಲೆ ಬೀಳುತ್ತದೆ. ಹೆಬ್ಬೆರಳನ್ನು ನೆಕ್‌ನ ಬೆನ್ನ ನಡುವೆ ಹಗುರವಾಗಿ ಇಟ್ಟು, ಬೆರಳುಗಳನ್ನು ಅಗಲಿಸಿ, ವೇಗದ ಲೀಡ್ ನುಡಿಸುವವರಿಗೆ ತೆಳು ನೆಕ್ ನಿಜಕ್ಕೂ ಒಳ್ಳೆಯದು. ರಾತ್ರಿಯಿಡೀ ಆರ್ಕೆಸ್ಟ್ರಾದಲ್ಲಿ ರಿದಮ್ ಹಿಡಿಯುವವರಿಗೆ, ಈಗಷ್ಟೇ ಎಫ್ ಕಾರ್ಡ್ ಜೊತೆ ಗುದ್ದಾಡುತ್ತಿರುವವರಿಗೆ ಮಧ್ಯಮ ದಪ್ಪದ್ದೇ ಹಿತ.

ತೆಳು, ದಪ್ಪ ಅಂದರೆ ಎಷ್ಟು? ಐಬನೆಜ್ ಕಂಪನಿಯ ವಿಜರ್ಡ್ 3 ನೆಕ್ 1ನೇ ಫ್ರೆಟ್ (ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಹತ್ತಿರ 19 ಮಿ.ಮೀ., 12ನೇ ಫ್ರೆಟ್ ಹತ್ತಿರ 21 ಮಿ.ಮೀ. ಫೆಂಡರ್‌ನ ಮಾಡರ್ನ್ ಸಿ ಆಕಾರದ ನೆಕ್ ಸುಮಾರು 21ರಿಂದ 23. ಗಿಬ್ಸನ್‌ನ 60ರ ದಶಕದ ಸ್ಲಿಮ್ ಟೇಪರ್ 1ನೇ ಫ್ರೆಟ್‌ನಲ್ಲಿ ಸುಮಾರು 20, 50ರ ದಶಕದ ದುಂಡನೆಯದು ಸುಮಾರು 23, ಅದು 12ನೇ ಫ್ರೆಟ್‌ಗೆ ಹೋದಂತೆ 25ರ ಹತ್ತಿರ. ಒಂದೇ ಫ್ರೆಟ್‌ನಲ್ಲಿ ಅಳೆದರೆ ತೀರಾ ತೆಳುವಿಗೂ ತೀರಾ ದಪ್ಪಕ್ಕೂ ಇರುವ ಅಂತರ ನಾಲ್ಕೇ ಮಿ.ಮೀ. ಆದರೂ ಅರ್ಧ ಮಿ.ಮೀ. ವ್ಯತ್ಯಾಸವನ್ನು ಕೂಡ ಕೈ ಕಂಡುಹಿಡಿಯುತ್ತದೆ.

ದಪ್ಪವೊಂದೇ ಸಾಲದು, ಭುಜವನ್ನೂ ನೋಡಬೇಕು. ಭುಜ ಅಂದರೆ ಫ್ರೆಟ್‌ಬೋರ್ಡ್ ಅಂಚಿನಿಂದ ಬೆನ್ನಿನ ಕಡೆಗೆ ತಿರುಗುವ ಜಾಗ. ಅಲ್ಲಿ ಮರವನ್ನು ಚೆನ್ನಾಗಿ ಕೆತ್ತಿ ತೆಗೆದಿದ್ದರೆ ಸಿ, ಉಳಿಸಿ ಬೆನ್ನನ್ನು ಚಪ್ಪಟೆ ಮಾಡಿದ್ದರೆ ಡಿ, ಉಳಿಸಿ ಆಳವನ್ನೂ ಹೆಚ್ಚಿಸಿದ್ದರೆ ಯು, ಎರಡೂ ಕಡೆ ಇಳಿಜಾರು ಮಾಡಿ ನಡುವೆ ಏಣು ಬಿಟ್ಟಿದ್ದರೆ ವಿ. ಒಂದೇ 21 ಮಿ.ಮೀ. ಆಳದ ಸಿ ಮತ್ತು ಡಿ ನೆಕ್‌ಗಳನ್ನು ಒಂದಾದ ಮೇಲೊಂದು ಹಿಡಿದರೆ ಡಿ ದಪ್ಪ ಅನಿಸುತ್ತದೆ. ಹಾಗಾಗಿ ಕ್ಯಾಟಲಾಗ್‌ನ ಅಕ್ಷರ ನೋಡಿ ಗಿಟಾರ್ ತರಿಸಬೇಡಿ. ಒಂದು ಕಂಪನಿಯ ಸಿ ಇನ್ನೊಂದರ ಸಿ ಆಗಿರಬೇಕಿಲ್ಲ. 60ರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಮುದ್ರಿಸಿರುವ ಎ, ಬಿ, ಸಿ, ಡಿ ಅಂತೂ ಆಕಾರಕ್ಕೆ ಸಂಬಂಧಿಸಿದ್ದೇ ಅಲ್ಲ. ಅದು ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ) ಅಗಲ: ಬಿ ಅಂದರೆ 1 5/8 ಇಂಚು, ಸಿ ಅಂದರೆ 1 3/4 ಇಂಚು. '59 ಪ್ರೊಫೈಲ್' ಅನ್ನೋ ಹೆಸರಿಗೂ ಇದೇ ಪಾಡು. ಗಿಬ್ಸನ್‌ನ 1959ರ ಲೆಸ್ ಪಾಲ್ ಗಿಟಾರ್‌ನ ನೆಕ್‌ಗಳಿಗೆ ಕೊನೆಯ ರೂಪ ಕೊಟ್ಟಿದ್ದು ಕೈಕೆಲಸ, ಒಂದರ ಹಾಗೆ ಇನ್ನೊಂದಿಲ್ಲ.

ವಿ ನೆಕ್ ಬಗ್ಗೆ ನಮ್ಮಲ್ಲಿ ಸುಮ್ಮನೆ ಹೆದರಿಕೆ ಇದೆ. ಹೆಬ್ಬೆರಳನ್ನು ನೆಕ್ ಮೇಲಿಂದ ದಾಟಿಸಿ ಹಿಡಿದು ಬ್ಲೂಸ್ ನುಡಿಸುವವರಿಗೆ ಅದಕ್ಕಿಂತ ಹೊಂದುವ ಆಕಾರ ಇನ್ನೊಂದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವಿನ ಕವಲಿನಲ್ಲಿ ಏಣು ಕೂತುಬಿಡುತ್ತದೆ, ಬೆಂಡ್ ಮಾಡುವಾಗ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ, ಮಣಿಕಟ್ಟು ತಿರುಗಿಸಲು ಗಟ್ಟಿ ಆಧಾರ ಸಿಗುತ್ತದೆ. ಬ್ಲೂಸ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಇರೋದು ಏಣು ಮೆತ್ತಗಾಗಿಸಿದ ಇದೇ ವಿ. ಆದರೆ ಕ್ಲಾಸಿಕಲ್ ಪದ್ಧತಿಯಲ್ಲಿ ಹೆಬ್ಬೆರಳನ್ನು ಬೆನ್ನ ನಡುವೆ ಒತ್ತುವವರಿಗೆ ಆ ಏಣೇ ಚುಚ್ಚುತ್ತದೆ. ನಿಮ್ಮ ಹೆಬ್ಬೆರಳು ಎಲ್ಲಿರುತ್ತದೆ ಅನ್ನೋದನ್ನು ಮೊದಲು ಗಮನಿಸಿ, ಆಮೇಲೆ ಆಕಾರ ಹುಡುಕಿ.

ಚಿಕ್ಕ ಕೈಯವರು ದಪ್ಪದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಸ್ಕೇಲ್ ಉದ್ದ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ನೋಡಲಿ. ಸ್ಟ್ರಾಟೋಕಾಸ್ಟರ್‌ಗೆ 648 ಮಿ.ಮೀ., ಲೆಸ್ ಪಾಲ್‌ಗೆ ಸುಮಾರು 628. ಲೆಕ್ಕ ಹಾಕಿದರೆ 1ನೇ ಫ್ರೆಟ್‌ನಿಂದ 5ನೇ ಫ್ರೆಟ್‌ಗೆ ಮೊದಲನೆಯದರಲ್ಲಿ 126 ಮಿ.ಮೀ., ಎರಡನೆಯದರಲ್ಲಿ 122. ಕಿರುಬೆರಳಿಗೆ ಆ ನಾಲ್ಕು ಮಿ.ಮೀ. ದೊಡ್ಡ ವರ. ನಟ್ ಅಗಲ 41, 42, 43 ಮಿ.ಮೀ. ಹೀಗೆ ಇರುತ್ತದೆ. ಬೆರಳು ದಪ್ಪಗಿದ್ದವರು 43 ತೆಗೆದುಕೊಳ್ಳಲಿ, ಇಲ್ಲದಿದ್ದರೆ ಓಪನ್ ಕಾರ್ಡ್‌ನಲ್ಲಿ ಪಕ್ಕದ ತಂತಿ ಮುಚ್ಚಿಹೋಗುತ್ತದೆ. ಫ್ರೆಟ್‌ಬೋರ್ಡ್‌ನ ಅಡ್ಡ ಡೊಂಕನ್ನು ವೃತ್ತದ ತ್ರಿಜ್ಯದಲ್ಲಿ ಹೇಳುತ್ತಾರೆ: ಹಳೆಯ ಫೆಂಡರ್‌ಗೆ 7.25 ಇಂಚು, ಹೊಸದಕ್ಕೆ 9.5, ಗಿಬ್ಸನ್‌ಗೆ 12. ಇಂಚು ಕಡಿಮೆಯಾದಷ್ಟೂ ಡೊಂಕು ಹೆಚ್ಚು. ಬಾರ್ ಹಿಡಿಯಲು ಅದು ಸುಖ, ಆದರೆ ತಂತಿ ತಗ್ಗಿಸಿಟ್ಟು ಮೇಲಿನ ಫ್ರೆಟ್‌ಗಳಲ್ಲಿ ಪೂರ್ತಿ ಸ್ವರ ಬೆಂಡ್ ಮಾಡಿದರೆ ನಾದ ಅರ್ಧಕ್ಕೇ ಸಾಯುತ್ತದೆ.

ಅಂಗಡಿಗೆ ಹೋಗುವಾಗ ಒಂದು ಡಿಜಿಟಲ್ ಕ್ಯಾಲಿಪರ್, ಒಂದು ಮೊಳ ನೂಲು ಜೇಬಿನಲ್ಲಿರಲಿ. 1ನೇ ಮತ್ತು 12ನೇ ಫ್ರೆಟ್‌ಗಳ ಪಕ್ಕದಲ್ಲಿ, ಫ್ರೆಟ್ ತಂತಿಯ ಮೇಲೆ ಬಾರದಂತೆ, ಬೋರ್ಡ್‌ನಿಂದ ಬೆನ್ನಿಗೆ ಅಳೆಯಿರಿ. ಕ್ಯಾಲಿಪರ್‌ನ ದವಡೆ ಮರಕ್ಕೆ ಗೀರು ಹಾಕದಂತೆ ಟೇಪ್ ಸುತ್ತಿರಿ. ಆಮೇಲೆ ನೂಲನ್ನು ಬೋರ್ಡ್‌ನ ಒಂದು ಅಂಚಿಗೆ ಹಿಡಿದು, ಬೆನ್ನ ಮೇಲಿಂದ ಬಿಗಿಯಾಗಿ ತಂದು ಇನ್ನೊಂದು ಅಂಚಿಗೆ ಮುಟ್ಟಿಸಿ, ಗುರುತು ಮಾಡಿ ಅಳತೆಪಟ್ಟಿಯ ಮೇಲೆ ಉದ್ದ ನೋಡಿ. ಭುಜದ ತುಂಬುತನ ಈ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ನಿಮಗೆ ಈಗಾಗಲೇ ಒಗ್ಗಿರುವ ಗಿಟಾರಿನ ಇವೇ ಮೂರು ಅಳತೆ ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಸುಲಭ. ನಿಂತು, ಬೆಲ್ಟ್ ಹಾಕಿಕೊಂಡೇ ಕನಿಷ್ಠ ಕಾಲು ಗಂಟೆ ನುಡಿಸಿ. ಕೂತಾಗ ಸರಿ ಅನಿಸಿದ ನೆಕ್, ಗಿಟಾರ್ ಕೆಳಗಿಳಿದು ಮಣಿಕಟ್ಟು ಮಡಚಿದಾಗ ಬೇರೆಯೇ ಆಗಿಬಿಡುತ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ನೆಕ್ ಸರಿಯಿಲ್ಲ ಅಂತ ಗಿಟಾರ್ ಮಾರುವ ಮೊದಲು ಸೆಟಪ್, ಅಂದರೆ ನಟ್, ನೆಕ್‌ನ ಬಾಗು, ತಂತಿಯ ಎತ್ತರ ಸರಿ ಇದೆಯಾ ನೋಡಿ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ನಟ್‌ನ ಕಚ್ಚುಗಳನ್ನು ಸಾಕಷ್ಟು ಆಳವಾಗಿ ಕೊರೆದಿರುವುದಿಲ್ಲ, ಅದರಿಂದ 1ನೇ ಫ್ರೆಟ್‌ನಲ್ಲಿ ಎಫ್ ಹಿಡಿಯುವುದು ಶಿಕ್ಷೆಯಾಗುತ್ತದೆ. ಪರೀಕ್ಷೆ ಹೀಗೆ: ತಂತಿಯನ್ನು 2ನೇ ಮತ್ತು 3ನೇ ಫ್ರೆಟ್ ನಡುವೆ ಒತ್ತಿ, 1ನೇ ಫ್ರೆಟ್ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಕೂದಲೆಳೆಯಷ್ಟು ಇದ್ದರೆ ಸಾಕು. ಬೆಳಕು ಧಾರಾಳವಾಗಿ ಕಂಡರೆ ನಟ್ ಎತ್ತರ ಹೆಚ್ಚು, ಪೂರ್ತಿ ತಾಗಿದರೆ ಕಚ್ಚು ಅತಿ ಆಳ. ಕೊರೆಯುವ ಕೆಲಸ ಲೂಥಿಯರ್‌ಗೆ (ಗಿಟಾರ್ ಮಾಡುವ, ರಿಪೇರಿ ಮಾಡುವವರಿಗೆ) ಬಿಡಿ, ಒಮ್ಮೆ ಹೆಚ್ಚು ಕೊರೆದರೆ ನಟ್ ಬದಲಿಸಬೇಕಾಗುತ್ತದೆ.

ಮುಂದಿನದು ನೆಕ್‌ನ ಬಾಗು. ಶ್ರುತಿ ಮಾಡಿದ ಗಿಟಾರಿನ 1ನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿ, 6ನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ತಗಡುಗಳಿಂದ) ಅಳೆಯಿರಿ. 0.25 ಮಿ.ಮೀ. ಆಸುಪಾಸು ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿರುವ, ಬಾಗು ಸರಿಪಡಿಸುವ ಲೋಹದ ಸರಳು) ಅನ್ನು ಗಡಿಯಾರದ ದಿಕ್ಕಿನಲ್ಲಿ ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿ ಅನಿಸಿದರೆ ಅಲ್ಲೇ ನಿಲ್ಲಿಸಿ. ಬಲವಂತ ಮಾಡಿದರೆ ರಾಡ್‌ನ ತಿರುಪು ಸವೆಯುತ್ತದೆ, ಇಲ್ಲವೇ ರಾಡೇ ಮುರಿಯುತ್ತದೆ. 9.5 ಇಂಚಿನ ಬೋರ್ಡ್ ಇದ್ದರೆ 17ನೇ ಫ್ರೆಟ್ ಮೇಲೆ ತಂತಿಯ ಎತ್ತರ 1.6 ಮಿ.ಮೀ. ಅಂತ ಫೆಂಡರ್ ಹೇಳುತ್ತದೆ. ಅಲ್ಲಿಂದ ಶುರುಮಾಡಿ.

ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಹೊಳಪಿನ ಫಿನಿಶ್ ಇರುವ ನೆಕ್‌ಗೆ ಬೆವರಿದ ಕೈ ಅಂಟಿಕೊಂಡು ಜಾರೋದೇ ಇಲ್ಲ. ಆಗಲೂ ಬೈಗುಳ ಬೀಳೋದು ಆಕಾರಕ್ಕೇ. 0000 ನಂಬರಿನ ಸ್ಟೀಲ್ ವೂಲ್‌ನಿಂದ ಬೆನ್ನನ್ನು ಉದ್ದಕ್ಕೆ, ಒಂದೇ ಒತ್ತಡದಲ್ಲಿ ಉಜ್ಜಿ ಹೊಳಪು ತೆಗೆದರೆ ಕೈ ಹಗುರವಾಗಿ ಓಡುತ್ತದೆ. ಪಿಕಪ್‌ಗಳ ಮೇಲೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲದಿದ್ದರೆ ಉಕ್ಕಿನ ಪುಡಿಯೆಲ್ಲ ಅಯಸ್ಕಾಂತಕ್ಕೆ ಹಿಡಿದುಕೊಳ್ಳುತ್ತದೆ. ತೆಳುವಾದ ನೈಟ್ರೋ ಲ್ಯಾಕರ್ ಇರುವ ಹಳೆಯ ಗಿಟಾರ್‌ಗೆ ಮಾತ್ರ ಇದನ್ನು ಮಾಡಬೇಡಿ, ಲ್ಯಾಕರ್ ಸವೆದು ಮರವೇ ಹೊರಬರುತ್ತದೆ.