ಬಾಣಂತನಕ್ಕೆ ತವರಿಗೆ ಹೋಗಿದ್ದೇ ತಪ್ಪಾಯ್ತಾ?

ಮಗಳ ಡೊಮಿಸೈಲ್‌ಗೆ, ಅಂದರೆ ಮಹಾರಾಷ್ಟ್ರದಲ್ಲೇ ನೆಲೆಸಿದವಳು ಅನ್ನುವ ಸರ್ಟಿಫಿಕೇಟಿಗೆ ಹೋದರೆ ಕಚೇರಿಯವರು ಮೂರನೇ ಸಲ ವಾಪಸ್ ಕಳಿಸಿದ್ದಾರೆ. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಈ ವರ್ಷ ಇಂಜಿನಿಯರಿಂಗ್ ಸೇರಬೇಕು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಒನ್ ರೂಮ್ ಕಿಚನ್‌ನಲ್ಲಿ ಎಲ್ಲರೂ ಮಲಗಿದ ಮೇಲೆ ಗ್ಯಾಸ್ ಕಟ್ಟೆ ಮೇಲೆ ಪುಸ್ತಕ ಹರಡಿ ನಿಂತೇ ಲೆಕ್ಕ ಮಾಡುತ್ತಿದ್ದಳು, ಕೂತರೆ ನಿದ್ದೆ ಬರುತ್ತದೆ ಅಂತ. ಇಲ್ಲಿನ, ಮಹಾರಾಷ್ಟ್ರದ ಸಿಇಟಿಯ 200 ಅಂಕದಲ್ಲಿ 100 ಗಣಿತದ್ದೇ ಅಲ್ವಾ. ಒಳ್ಳೆ ಪರ್ಸೆಂಟೈಲ್ ಬಂತು. ಅವಳ ಕೆಲಸ ಅವಳು ಮುಗಿಸಿದಳು.

ಸಿಕ್ಕಿಕೊಂಡಿದ್ದು ಡೊಮಿಸೈಲ್‌ನಲ್ಲಿ. ಹತ್ತು, ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾದರೂ ಎ ಟೈಪ್ ಅನ್ನುವ ರಾಜ್ಯದ ಮಕ್ಕಳ ವರ್ಗದಲ್ಲಿ ಅರ್ಜಿ ಹಾಕಲು ಅದು ಸಾಲದು, ಇಲ್ಲೇ ಹುಟ್ಟಿರಬೇಕು, ಇಲ್ಲ ಡೊಮಿಸೈಲ್ ಇರಬೇಕು. ಇವಳು ಹುಟ್ಟಿದ್ದು ಹಾಸನದಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ, ನಮ್ಮ ಕಡೆ ಯಾರು ಹೋಗುವುದಿಲ್ಲ ಹೇಳಿ? ಐದನೇ ತಿಂಗಳಿಗೆ ಎತ್ತಿಕೊಂಡು ಬಂದ ಮಗು, ಆಮೇಲೆ ಇದೇ ಊರಲ್ಲೇ ಬೆಳೆದಿದೆ. ಕನ್ನಡಕ್ಕಿಂತ ಮರಾಠಿಯೇ ಅವಳ ಬಾಯಲ್ಲಿ ಸಲೀಸು. ಆದರೆ ಎಲ್‌ಸಿಯಲ್ಲಿ (ಶಾಲೆ ಬಿಟ್ಟಾಗ ಕೊಡುವ ಸರ್ಟಿಫಿಕೇಟು) ಹುಟ್ಟಿದ ಊರು ಅಂತ ಇರುವುದು ಹಾಸನ.

ಮೊದಲ ಸಲ ರೇಷನ್ ಕಾರ್ಡು, ಲೈಟ್ ಬಿಲ್ಲು ಕೇಳಿದರು. ಕೊಟ್ಟೆವು. ಎರಡನೇ ಸಲ, ತಂದೆಯ ಹೆಸರು ಹೊಂದುತ್ತಿಲ್ಲ ಅಂದರು. ಯಜಮಾನರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅವರ ಅಪ್ಪನದು. ಇಲ್ಲಿನ ಫಾರಂನಲ್ಲಿ ಮೊದಲಿಗೇ ಆಡನಾವ್, ಅಂದರೆ ಮನೆತನದ ಹೆಸರು ಬೇಕು. ಇಲ್ಲದ ಆಡನಾವ್ ಎಲ್ಲಿಂದ ತರೋಣ? ಆಧಾರ್ ಮಾಡುವವನು ಆ ಜಾಗಕ್ಕೆ ಊರಿನ ಹೆಸರು ತುಂಬಿದ, ಮಗಳ ಶಾಲೆಯವರು ತಾತನ ಹೆಸರು ಬರೆದರು. ಒಬ್ಬನೇ ಮನುಷ್ಯ, ಮೂರು ಕಾಗದದಲ್ಲಿ ಮೂರು ಥರ. ನಾವೂ ಆಗಲೇ ನೋಡಿಕೊಳ್ಳಬೇಕಿತ್ತು, ಒಪ್ಪುತ್ತೇನೆ. ಆದರೆ ಇದೇ ಕಾಗದಗಳು ಮೊದಲ ದಿನವೂ ಅವರ ಮುಂದೆ ಇದ್ದವಲ್ಲ!

ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಇವತ್ತು ಹೋದೆವು. ಕೌಂಟರಿನಲ್ಲಿದ್ದಾತ ಫೈಲ್ ಬಿಡಿಸಲೂ ಇಲ್ಲ. ಮೇಲಿನ ಹಾಳೆ ನೋಡಿ, ಗಾಜಿನ ಕೆಳಗಿನ ಸಂದಿಯಿಂದ ಪೆನ್ನಿನ ತುದಿಯಲ್ಲಿ ವಾಪಸ್ ತಳ್ಳಿದ. "ಹೇ ನಾಹೀ ಚಾಲ್ಣಾರ್." ಇದು ನಡೆಯೋದಿಲ್ಲ ಅಂತ. ಸರ್ಕಾರಿ ಗೆಜೆಟ್‌ನಲ್ಲಿ ಹೆಸರು ಹಾಕಿಸಿ ತರಬೇಕಂತೆ. ಇದನ್ನು ಮೊದಲ ದಿನವೇ ಹೇಳಲು ಏನು ರೋಗ? ಅವತ್ತೇ ಅರ್ಜಿ ಹಾಕಿದ್ದರೆ ಇಷ್ಟೊತ್ತಿಗೆ ಕೈಗೆ ಬಂದಿರುತ್ತಿತ್ತೋ ಏನೋ. ಯಜಮಾನರದು ಕ್ಯಾಂಟೀನ್ ಕೆಲಸ, ಮೂರು ದಿನದ ಸಂಬಳ ಸುಮ್ನೆ ಹೋಯಿತು. ಅದು ಹೋಗಲಿ, ಸೀಟು ಹಂಚುವ ಕ್ಯಾಪ್ ರೌಂಡ್ ನಮಗಾಗಿ ಕಾಯುತ್ತದಾ? ನಾಲ್ಕು ವರ್ಷದ ಓದು, ಅದರ ಬಾಗಿಲಲ್ಲೇ ಮಗುವನ್ನು ಹೀಗೆ ನಿಲ್ಲಿಸುವುದಾ? ಬೆಂಚಿನ ಮೇಲೆ ಪ್ಲಾಸ್ಟಿಕ್ ಫೈಲ್ ಎದೆಗೆ ಅವಚಿಕೊಂಡು ಕೂತಿದ್ದಳು, ಮನೆಗೆ ಬರುವವರೆಗೆ ಒಂದು ಮಾತಾಡಲಿಲ್ಲ.

ಗೆಜೆಟ್‌ಗೆ ಈಗಷ್ಟೇ ಅರ್ಜಿ ಹಾಕಿದೆವು. ಒಂಬತ್ತು, ಹತ್ತರಲ್ಲಿ ಮಕ್ಕಳಿರುವ ಇಲ್ಲಿನ ಕನ್ನಡದವರೇ, ಇವತ್ತೇ ಎಲ್ಲ ಕಾಗದ ತೆಗೆದು ಪಕ್ಕಪಕ್ಕ ಇಟ್ಟು ಅಪ್ಪನ ಹೆಸರು ನೋಡಿ. ಶಾಲೆಯಲ್ಲಿ ತಪ್ಪಿದ್ದರೆ ಮಗು ಶಾಲೆ ಬಿಡುವ ಮೊದಲೇ ತಿದ್ದಿಸಿಕೊಳ್ಳಿ.