ಆರನೇ ಸಾಲು ಎಲ್ಲಿಂದ ತರಬೇಕಿತ್ರಿ ಆಕಿ? ಸಿ ಪ್ರೋಗ್ರಾಮಿಂಗ್ ಪ್ರಾಕ್ಟಿಕಲ್ ಪರೀಕ್ಷಾದಾಗ ಸರಿ ಬರದು ಸೊನ್ನೆ ತಗೊಂಡ ಹುಡುಗಿ ಕಥಿ ಇದು. ಫೈಲಿನಾಗಿಂದ ವಿದ್ಯಾರ್ಥಿಗಳ ಮಾರ್ಕ್ಸ್ ಓದಿ ಪ್ರಿಂಟ್ ಮಾಡೂ ಪ್ರೋಗ್ರಾಂ ಬರದಿದ್ಲು.

ಫೈಲಿನಾಗ ಇದ್ದದ್ದು ಐದು ಮಂದಿ. ಐದು ರೋಲ್ ನಂಬರ್, ಐದು ಹೆಸರು, ಒಬ್ಬೊಬ್ಬರ ಮುಂದ ಮೂರು ಮಾರ್ಕ್ಸು. ಪ್ರೋಗ್ರಾಂ ಓಡಿತು, ಸ್ಕ್ರೀನ್ ಮ್ಯಾಲೆ ಐದು ಸಾಲು ಬಂದ್ವು, ಗ್ರೇಡ್ ಸರಿ, ಸರಾಸರಿ ಸರಿ. ಎಕ್ಸಿಕ್ಯೂಷನ್ (ಪ್ರೋಗ್ರಾಂ ಓಡಿಸಿ ತೋರಸೂದರ ಮಾರ್ಕ್ಸ್) ಮುಂದ ಸೊನ್ನೆ ಬರದ್ರು. ಯಾಕ? ಲ್ಯಾಬ್ ಮ್ಯಾನುವಲ್‌ನಾಗ, ಅಂದ್ರ ಪ್ರೋಗ್ರಾಂ, ಔಟ್‌ಪುಟ್ ಅಚ್ಚಾದ ಪುಸ್ತಕದಾಗ, ಆರು ಸಾಲು ಅದಾವಂತ!

ಆ ಹೊತ್ತು ಕಣ್ಣ ಮುಂದಿಂದ ಸರಿಯವಲ್ದು. ಹೊರಗಿಂದ ಬಂದ ಎಕ್ಸಾಮಿನರ್ ಮ್ಯಾನುವಲ್ ತಗದು ಮಾನಿಟರ್ ಪಕ್ಕ ಹಿಡದ್ರು. ಸ್ಕ್ರೀನ್ ಮ್ಯಾಲೆ ಬೆರಳಿಟ್ಟು ಎಣಿಸಿದ್ರು. ಒಂದು, ಎರಡು, ಮೂರು, ನಾಕು, ಐದು. ಮತ್ತ ಮ್ಯಾಲಿಂದ ಎಣಿಸಿದ್ರು. "ಇನ್ನೊಂದು ಸಾಲು ಎಲ್ಲಿ?" ಅಂದ್ರು. "ಸರ್, ಫೈಲಿನಾಗ ಐದ ಮಂದಿ ಅದಾರ್ರಿ" ಅಂದ್ಲು ಹುಡುಗಿ. ಅಷ್ಟ ಅಂದದ್ದು. "ನಮಗ ಕಲಸಾಕ ಬಂದೀಯೇನು? ಪಕ್ಕದ ಸಿಸ್ಟಮ್‌ನಾಗ ಆರು ಬಂದಾವ, ನೋಡು ಹೋಗು." ಹೋಗಿ ನೋಡಿದ್ಲು. ಅಲ್ಲೆ 105ನೇ ನಂಬರಿನವನ ಸಾಲು ಎರಡೆರಡು ಸಲ ಬಂದಿತ್ತು. "ಸರ್, ಕೊನೇದು ಎರಡು ಸಲ ಪ್ರಿಂಟ್ ಆಗೇತಿ" ಅಂತ ತಿಳಿಸಿ ಹೇಳಾಕ ಹೋದ್ಲು. ಪೂರಾ ಬ್ಯಾಚ್ ಕೀಬೋರ್ಡ್ ಬಿಟ್ಟು ಆಕಿನ್ನ ನೋಡಾಕ ಹತ್ತಿತ್ತು. ಕೆಂಪು ಪೆನ್ನು ಗೀಚಿದ್ದು ಆವಾಗ. ಬೀಳಗಿ ಕಡಿಂದ ಮುಂಜಾನೆ ಬಸ್ ಹಿಡದು ಬಾಗಲಕೋಟಿಗೆ ಬರೂ ಹುಡುಗಿ, ಎಲ್ಲಾರ ಮುಂದ ತಲಿ ತಗ್ಗಿಸಿ ನಿಂತ್ಲು. ತಪ್ಪು ಯಾರದು, ತಲಿ ತಗ್ಗಿಸಿದವರು ಯಾರು!

ಹೋಗ್ಲಿ ಬಿಡ್ರಿ, ಒಂದು ಪ್ರಾಕ್ಟಿಕಲ್ ಅಷ್ಟ. ವರ್ಷಾ ಹಿಂಗ ನಡದೈತಿ, ಯಾರಿಗೂ ಏನೂ ಅನಿಸಿಲ್ಲ.

ಇಲ್ಲ, ಬಿಡಾಕ ಆಗೂದಿಲ್ಲ. ಮ್ಯಾನುವಲ್‌ನಾಗ ಏನ್ ಐತಿ ಅನ್ನೂದರ ತಿಳೀಲಿ. ಲೂಪ್ (ಅದ ಕೆಲಸ ಮತ್ತ ಮತ್ತ ಮಾಡೂ ಭಾಗ) ಹಿಂಗ ಐತಿ: ವೈಲ್ ನಾಟ್ ಎಫ್‌ಇಒಎಫ್ (ಫೈಲ್ ಮುಗಿಯೂತನಕ ತಿರುಗು ಅಂತ), ಒಳಗ ಫೈಲಿನಾಗಿಂದ ಬೆಲೆ ಓದೂ ಎಫ್‌ಸ್ಕ್ಯಾನ್‌ಎಫ್, ಅದರ ಬೆನ್ನಿಗೆ ಸ್ಕ್ರೀನಿಗೆ ಬರಿಯೂ ಪ್ರಿಂಟ್‌ಎಫ್. ಎಫ್‌ಇಒಎಫ್ ಮುಂದ ಏನೈತಿ ಅಂತ ಇಣುಕಿ ನೋಡೂದಿಲ್ರಿ. ಹಿಂದ ಓದಾಕ ಹೋದಾಗ ಫೈಲ್ ಮುಗದಿತ್ತೇನು ಅಂತಷ್ಟ ಹೇಳತೈತಿ. ಐದನೇ ಸಾಲಿನ ಕೊನೇ ಮಾರ್ಕ್ಸ್ ಓದಿ ಮುಗಿಸಿದಾಗ ಅದರ ಮುಂದ ಇನ್ನೂ ಒಂದು ಎಂಟರ್ ಉಳದಿರತೈತಿ. ಹಂಗಾಗಿ ಫೈಲ್ ಮುಗದಿಲ್ಲ ಅಂತ ಲೂಪ್ ಮತ್ತೊಮ್ಮೆ ತಿರಗತೈತಿ. ಎಫ್‌ಸ್ಕ್ಯಾನ್‌ಎಫ್ ಆ ಎಂಟರ್ ದಾಟಿ ಹೋಗಿ ಏನೂ ಸಿಗದ ಇಒಎಫ್ (ಫೈಲ್ ಮುಗೀತು ಅನ್ನೂ ಗುರುತು) ಕೊಡತೈತಿ. ಅದನ್ನ ಯಾರೂ ನೋಡೂದಿಲ್ಲ. ವೇರಿಯೇಬಲ್‌ನಾಗ (ಓದಿದ ಬೆಲೆ ಇಡೂ ಜಾಗದಾಗ) ಹಳೇ ಬೆಲೆ ಹಂಗ ಕುಂತಿರತಾವ, ಪ್ರಿಂಟ್‌ಎಫ್ ಅದನ್ನ ಇನ್ನೊಮ್ಮೆ ಬರೀತೈತಿ. ಬಸ್ಸಿನಾಗ ಕೊನೇ ಸೀಟಿನವಗ ಎರಡು ಟಿಕೆಟ್ ಹರದಂಗ ಇದು.

ಇನ್ನೊಂದು ಕೇಳ್ರಿ. ನೋಟ್‌ಪ್ಯಾಡ್‌ನಾಗ ಕೊನೇ ಅಂಕಿ ಆದಮ್ಯಾಲೆ ಎಂಟರ್ ಒತ್ತದ ಸೇವ್ ಮಾಡಿದ್ರ ಅದ ಮ್ಯಾನುವಲ್ ಪ್ರೋಗ್ರಾಂ ಐದ ಸಾಲು ಕೊಡತೈತಿ, ಯಾಕಂದ್ರ ಕೊನೇ ಅಂಕಿ ಓದೂವಾಗ ಫೈಲಿನ ತುದಿ ತಾಗಿರತೈತಿ. ಎಂಟರ್ ಒತ್ತಿದ್ರ ಆರು. ಹತ್ತು ಸಲ ಒತ್ತಿದ್ರೂ ಆರ. ಫೈಲ್ ಪೂರಾ ಖಾಲಿ ಇದ್ರ ಇನ್ನೂ ಚಂದ: ಇಲ್ಲದ ಒಬ್ಬ ವಿದ್ಯಾರ್ಥಿ ಹುಟ್ಟತಾನ, ಮೆಮೊರಿಯೊಳಗಿನ ಕಸಾ ಅವನ ಮಾರ್ಕ್ಸ್. ಒಂದು ಎಂಟರ್ ಮ್ಯಾಲೆ ಹುಡುಗ್ರ ಪಾಸು ಫೇಲು ನಿಂತೈತಿ ಅಂದ್ರ ಯಾರಿಗೆ ಹೇಳೂಣು?

ಬರೇ ಸಾಲಿನ ಮಾತಲ್ಲ. ಐದು ಮಂದಿ ಸರಾಸರಿ 72, 85, 64, 91, 38 ಅಂತ ಇಟ್ಕೊಳ್ರಿ. ಮೊತ್ತ 350, ಕ್ಲಾಸಿನ ಸರಾಸರಿ 70. ಕೊನೆಯವನನ್ನ ಎರಡು ಸಲ ಎಣಿಸಿದ್ರ 388ನ್ನ ಆರರಿಂದ ಭಾಗಿಸಬೇಕು, 64.67 ಬರತೈತಿ. 40 ಪಾಸ್ ಅಂತ ಹಿಡದ್ರ 80 ಪರ್ಸೆಂಟ್ ಇದ್ದ ರಿಸಲ್ಟ್ 66.67ಕ್ಕ ಇಳೀತೈತಿ. ಇದನ್ನ ಮಕ್ಕಿಕಾಮಕ್ಕಿ ಇಳಿಸಿದವರಿಗೆ ಪೂರಾ ಮಾರ್ಕ್ಸ್ ಕೊಟ್ಟಾರ!

ಆ ಹುಡುಗಿ ಬರದದ್ದು ಇಷ್ಟ: ಎಫ್‌ಸ್ಕ್ಯಾನ್‌ಎಫ್ ಐದು ಬೆಲೆ ಓದೂತನಕ ಲೂಪ್ ತಿರುಗ್ಲಿ. ಎಷ್ಟು ಬೆಲೆ ಓದಿದೆ ಅಂತ ಅದು ಪ್ರತಿಸಲ ತಿರುಗಿ ಹೇಳತೈತಿ, ಅದನ್ನ ಐದಕ್ಕ ಹೋಲಿಸಿದ್ಲು. ಫೈಲ್ ತಗಿಯೂ ಎಫ್‌ಓಪನ್ ಆದಕೂಡ್ಲೆ ಫೈಲ್ ಸಿಕ್ತೋ ಇಲ್ಲೋ ಅಂತ ನಲ್ (ಸಿಗಲಿಲ್ಲ ಅನ್ನೂ ಉತ್ತರ) ಚೆಕ್ ಮಾಡಿದ್ಲು. ಹೆಸರು ಇಡೂ 20 ಅಕ್ಷರದ ಜಾಗಕ್ಕ (ಅರೇ) 19 ಅಂತ ಮಿತಿ ಹಾಕಿದ್ಲು, ಕೊನೇ ಜಾಗ ಹೆಸರು ಮುಗೀತು ಅನ್ನೂ ಗುರುತಿಗೆ. ಮ್ಯಾನುವಲ್‌ನಾಗ ಈ ಮೂರರಾಗ ಒಂದೂ ಇಲ್ಲ.

ಆಕಿ ಪ್ರೋಗ್ರಾಂ ಎಲ್ಲಾದಕ್ಕೂ ಸಾಲತೈತಿ ಅಂತ ಹೇಳಾಂಗಿಲ್ಲ. ಎರಡನೇ ಸಬ್ಜೆಕ್ಟಿಗೆ ಯಾರರ ಗೈರುಹಾಜರು ಅಂತ ಎಬಿ ಬರದಿದ್ರ ಅಲ್ಲೇ ಲೂಪ್ ನಿಲ್ಲತೈತಿ, ಮುಂದಿನವರ ಲೆಕ್ಕ ತಪ್ಪತೈತಿ. ಅದಕ್ಕ ಎಫ್‌ಗೆಟ್ಸ್‌ನಿಂದ ಒಂದೊಂದ ಸಾಲು ಎತ್ಕೊಂಡು, ಎಸ್‌ಸ್ಕ್ಯಾನ್‌ಎಫ್‌ನಿಂದ ಬಿಡಿಸಿ, ಐದು ಬರದಿದ್ರ ಸಾಲಿನ ನಂಬರ್ ಹೇಳಿ ಮುಂದ ಹೋಗಬೇಕು. ಅದ ಎಬಿ ಮ್ಯಾನುವಲ್ ಪ್ರೋಗ್ರಾಂಗೆ ಕೊಟ್ಟು ನೋಡ್ರಿ. ಗೈರುಹಾಜರಾದವಗ ಹಿಂದಿನವನ ಎರಡನೇದು, ಮೂರನೇದು ಮಾರ್ಕ್ಸ್ ಬೀಳತಾವ. ಆಮ್ಯಾಲೆ ಎ ಅಕ್ಷರ ನುಂಗಾಕ ಆಗದ, ಫೈಲಿನ ತುದೀನೂ ಮುಟ್ಟದ, ಅದ ಸಾಲನ್ನ ಕೊನೀನ ಇಲ್ಲದ ಪ್ರಿಂಟ್ ಮಾಡತೈತಿ. ಹೆಸರಿನ ಮುಂದ ಜಾಗ ಬಿಟ್ಟು ಅಡ್ಡಹೆಸರು ಬರದ್ರೂ ಇದ ಗತಿ. ನಮ್ಮ ಕಡೆ ಅಡ್ಡಹೆಸರಿಲ್ಲದವರು ಎಷ್ಟು ಮಂದಿ ಅದಾರ್ರಿ?

ಮ್ಯಾನುವಲ್‌ನಾಗ ಇನ್ನೂ ಅದಾವ. ಇಂಟರ್ನಲ್ ಮಾರ್ಕ್ಸ್ ತಗಿಯಾಕ 40/100 ಅಂತ ಮೊದಲ ಬರದು, ಆಮ್ಯಾಲೆ ಮಾರ್ಕ್ಸಿನಿಂದ ಗುಣಿಸ್ಯಾರ. ಎರಡೂ ಇಂಟೀಜರ್ (ಪೂರ್ಣಾಂಕ), ಭಾಗಿಸಿದ್ರ ದಶಮಾಂಶ ಹೋಗಿ ಸೊನ್ನೆ, ಹುಡುಗ್ರ ಇಂಟರ್ನಲ್ ಎಲ್ಲಾ ಸೊನ್ನೆ. ಸಿ ಪ್ರೋಗ್ರಾಂ ಓಡಿಸೂ ಹಳೇ ಸಾಫ್ಟ್‌ವೇರ್ ಟರ್ಬೊ ಸಿ ಒಳಗ ಇಂಟ್ (ಪೂರ್ಣಾಂಕ ಇಡೂ ಜಾಗ) 32767 ದಾಟೂದಿಲ್ಲ. 120 ಮಂದಿ, ತಲಾ 360 ಮಾರ್ಕ್ಸ್ ಅಂದ್ರ ಕ್ಲಾಸಿನ ಮೊತ್ತ 43200 ಆಗಬೇಕು, ಬರೂದು ಮೈನಸ್ 22336. ಹೆಸರು ಓದಾಕ ಇನ್ನೂ ಗೆಟ್ಸ್ ಐತಿ, ಅಕ್ಷರಕ್ಕ ಮಿತಿನ ಇಲ್ಲದ ಓದೂದು. ಅದನ್ನ 2011ರ ಸಿ ಸ್ಟ್ಯಾಂಡರ್ಡ್‌ನಿಂದ ತಗದ ಬಿಟ್ಟಾರ.

ಎಕ್ಸಾಮಿನರ್ ಮ್ಯಾಲೆ ಸಿಟ್ಟಿಲ್ಲ, ಒಂದ ದಿನದಾಗ ಎಷ್ಟೋ ಬ್ಯಾಚ್ ನೋಡಬೇಕು, ಟೈಮ್ ಇರೂದಿಲ್ಲ. ಇಲ್ಲ, ಸಿಟ್ಟು ಐತಿ. ಫೈಲ್ ತಗದು ಸಾಲು ಎಣಿಸಾಕ ಅರ್ಧ ನಿಮಿಷ ಸಾಕಿತ್ತು. ಸ್ಕ್ರೀನ್ ಎರಡು ಸಲ ಎಣಿಸಿದವರು ಫೈಲ್ ಒಮ್ಮೆ ಎಣಿಸಬಾರದ?

ಮ್ಯಾನುವಲ್ ಬರದವರು ಯಾರರ ಇದನ್ನ ಓದಾಕತ್ತಿದ್ರ ಉತ್ತರಾ ಕೊಡ್ರಿ. ಆ ಔಟ್‌ಪುಟ್ ಅಚ್ಚಿಗೆ ಕೊಡೂವಾಗ 105 ಎರಡು ಸಲ ಇದ್ದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲೇನು? ಲ್ಯಾಬ್ ನೋಡ್ಕೊಳ್ಳೂ ಸರ್, ಮೇಡಂ, ಎಚ್‌ಒಡಿ, ಯಾರರ ಮಾತಾಡ್ರಿ. ಮುಂದಿನ ಬ್ಯಾಚಿನ ಪ್ರಾಕ್ಟಿಕಲ್ ಬಂದೇ ಬಿಡ್ತು. ಆ ಹುಡುಗ್ರು ಸರಿ ಇದ್ದದ್ದನ್ನ ಬರದು ಸೊನ್ನೆ ತಗೋಬೇಕೋ, ತಪ್ಪಿದ್ದನ್ನ ಬರದು ಪಾಸ್ ಆಗಬೇಕೋ, ಅಷ್ಟರ ಈಗ ಹೇಳ್ರಿ.